ನೀಲಿ ಮಾತ್ರೆಯ ಹಿಂದಿನ ಲೂಸಿ ವಿಲ್ಸ್

ಕುಷ್ಟಗಿ ತಾಲ್ಲೂಕಿನ ಈ ಶಾಲೆಯಲ್ಲಿ ವಿಜ್ಞಾನ ಶಿಕ್ಷಕಿಯಾದ ನನಗೆ ವಾರಕ್ಕೊಮ್ಮೆ ಮಕ್ಕಳಿಗೆ ನೀಲಿ ಮಾತ್ರೆ ನುಂಗಿಸುವ ಕೆಲಸವೂ ಇದೆ. ಕೆಲವು ಹುಡುಗಿಯರು ನುಂಗಿದಂತೆ ಮಾಡಿ ಕಿಟಕಿಯಾಚೆ ಎಸೆಯುತ್ತಾರೆ. ಅವರಿಗೆ ಲೂಸಿ ವಿಲ್ಸ್ ಅವರ ಕಥೆ ಹೇಳುತ್ತೇನೆ.

1888ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಅವರು ಕೇಂಬ್ರಿಜ್‌ನಲ್ಲಿ ಪರೀಕ್ಷೆ ಪಾಸಾದರು. ಆದರೆ ಆಗ ಅಲ್ಲಿ ಹೆಣ್ಣುಮಕ್ಕಳಿಗೆ ಪದವಿ ಕೊಡುತ್ತಿರಲಿಲ್ಲ! ಮುಂದೆ ಲಂಡನ್ನಿನಲ್ಲಿ ಓದಿ ವೈದ್ಯೆಯಾದರು. 1928ರಲ್ಲಿ ಮುಂಬಯಿಗೆ ಬಂದಾಗ ಬಟ್ಟೆ ಗಿರಣಿಗಳ ಬಡ ಬಸುರಿಯರು ರಕ್ತಹೀನತೆಯಿಂದ ಸಾಯುತ್ತಿದ್ದರು. ಸೋಂಕು ಕಾರಣವೇ ಎಂದು ಹುಡುಕಿದರು, ಅಲ್ಲ. ಆಮೇಲೆ ಅವರ ತಾಟಿನತ್ತ ನೋಡಿದರು. ಹಣ್ಣು, ಕಾಯಿಪಲ್ಲೆ ಕಾಣದ ಊಟ. ಅಂಥದೇ ಆಹಾರವನ್ನು ಇಲಿಗಳಿಗೆ, ಮಂಗಗಳಿಗೆ ಕೊಟ್ಟು ಪರೀಕ್ಷಿಸಿದರು. ರಕ್ತ ಕುಂದಿದ ಮಂಗವೊಂದು ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರದಿಂದ ಚೇತರಿಸಿಕೊಂಡಿತು. ಬಸುರಿಯರೂ ಅದರಿಂದಲೇ ಗುಣವಾದರು. ಇದನ್ನು 1931ರಲ್ಲಿ ಪ್ರಕಟಿಸಿದರು.

ಅದರೊಳಗಿನ ವಸ್ತು 1941ರಲ್ಲಿ ಪಾಲಕ್ ಸೊಪ್ಪಿನಲ್ಲಿ ಸಿಕ್ಕಿ ಫೋಲಿಕ್ ಆಮ್ಲ ಎನಿಸಿಕೊಂಡಿತು. ನಮ್ಮ ಮಾತ್ರೆಯಲ್ಲಿ ಕಬ್ಬಿಣದ ಜೊತೆಗಿರುವುದು ಅದೇ. ವಿಲ್ಸ್ 1964ರಲ್ಲಿ ತೀರಿಕೊಂಡರು. ಗರ್ಭದ ಶಿಶುವಿನ ಬೆನ್ನುಹುರಿಯ ದೋಷವನ್ನೂ ಅದು ತಡೆಯುತ್ತದೆಂದು 1991ರಲ್ಲಿ ಖಚಿತವಾಯಿತು. ಅದನ್ನು ನೋಡಲು ಅವರಿರಲಿಲ್ಲ.

ಕಥೆ ಕೇಳಿ ಹುಡುಗಿಯರು ಸುಮ್ಮನಾಗುತ್ತಾರೆ. ಆದರೂ ಕಿಟಕಿ ಮುಚ್ಚಿಸಿಯೇ ಮಾತ್ರೆ ಕೊಡುತ್ತೇನೆ.