ದಿದಿ (ಫುಟ್‌ಬಾಲ್ ಆಟಗಾರ)

ದಿದಿ ಎಂದೇ ಪ್ರಸಿದ್ಧರಾದ ವಲ್ದಿರ್ ಪೆರೇರಾ (8 ಅಕ್ಟೋಬರ್ 1928 – 12 ಮೇ 2001) ಬ್ರೆಜಿಲ್‌ನ ಕಪ್ಪುವರ್ಣೀಯ ಫುಟ್‌ಬಾಲ್ ಆಟಗಾರರು ಹಾಗೂ ತರಬೇತುದಾರರು. ಬಾಲ್ಯದಲ್ಲಿ ಮೊಣಕಾಲಿಗಾದ ಗಾಯದಿಂದ ಕಾಲನ್ನೇ ಕಳೆದುಕೊಳ್ಳುವ ಸ್ಥಿತಿ ಬಂದಿತ್ತು.

ಆಟಗಾರರಾಗಿ

1958 ಮತ್ತು 1962ರ ವಿಶ್ವಕಪ್ ಗೆದ್ದ ಬ್ರೆಜಿಲ್ ತಂಡದ ಸೂತ್ರಧಾರರಾಗಿದ್ದರು. 1958ರ ಪಂದ್ಯಾವಳಿಯ ಶ್ರೇಷ್ಠ ಆಟಗಾರರೆಂಬ ಮನ್ನಣೆ ಪಡೆದರು. ಗೋಲಿನ ಬಳಿ ಥಟ್ಟನೆ ಕೆಳಗಿಳಿಯುವ ಅವರ ಫ್ರೀ ಕಿಕ್ 'ಒಣ ಎಲೆ' ಎಂದು ಹೆಸರಾಯಿತು.

ತರಬೇತುದಾರರಾಗಿ

ಕಪ್ಪುವರ್ಣೀಯರು ಮೈದಾನದಲ್ಲಿ ಮೆರೆದರೂ ತರಬೇತುದಾರರ ಹುದ್ದೆಗೇರುವುದು ವಿರಳವಾಗಿದ್ದ ಕಾಲದಲ್ಲಿ ಪೆರು ರಾಷ್ಟ್ರೀಯ ತಂಡದ ಹೊಣೆ ಹೊತ್ತರು. ಅರ್ಜೆಂಟೀನಾವನ್ನು ಹಿಂದಿಕ್ಕಿ 1970ರ ವಿಶ್ವಕಪ್‌ಗೆ ಅರ್ಹತೆ ಗಳಿಸಿದ ಪೆರು, ಕ್ವಾರ್ಟರ್ ಫೈನಲ್‌ನಲ್ಲಿ ಬ್ರೆಜಿಲ್‌ಗೇ 4-2ರಿಂದ ಸೋತಿತು. ಬಳಿಕ ಟರ್ಕಿಯ ಫೆನರ್‌ಬಾಹ್ಚೆ ತಂಡಕ್ಕೆ 1974 ಮತ್ತು 1975ರಲ್ಲಿ ಲೀಗ್ ಪ್ರಶಸ್ತಿ ತಂದುಕೊಟ್ಟರು. ಸ್ವದೇಶದ ಕ್ಲಬ್‌ಗಳಿಗೂ ತರಬೇತಿ ನೀಡಿದರು. ಬ್ರೆಜಿಲ್ ರಾಷ್ಟ್ರೀಯ ತಂಡದ ತರಬೇತುದಾರರ ಸ್ಥಾನ ಮಾತ್ರ ಅವರಿಗೆ ಕೊನೆಯವರೆಗೂ ಲಭಿಸಲಿಲ್ಲ.