ಯಾರ ಫಲಿತಾಂಶ: ಓಲೆ-ಯೋಹಾನ್ ಡಾಲ್

ಆಳಂದದ ಅಭ್ಯಾಸ ಪಾಠದಲ್ಲಿ ಸ್ಟ್ಯಾಟಿಕ್ ಮೆಥಡ್‌ನ ನಿಯಮ ಬರೆಸಿದೆ, ಯಾರಿಗೂ ತಿಳಿಯಲಿಲ್ಲ. ಆಮೇಲೆ ಡಾಲ್ ಅವರ ಬದುಕು ಓದಿದೆ. 1931ರಲ್ಲಿ ನಾರ್ವೆಯಲ್ಲಿ ಹುಟ್ಟಿದ ಅವರು ಕ್ರಿಸ್ಟೆನ್ ನ್ಯೂಗಾರ್ಡ್ ಜೊತೆ ಆಸ್ಲೋದಲ್ಲಿ ಸಿಮ್ಯುಲಾ ಭಾಷೆ ರೂಪಿಸಿದರು. ಸರದಿಯಲ್ಲಿ ನಿಂತ ಗ್ರಾಹಕರಂಥ ನಿಜ ಸಂಗತಿಗಳನ್ನು ಅನುಕರಿಸುವುದೇ ಅದರ ಉದ್ದೇಶ. ಕ್ಲಾಸ್, ಆಬ್ಜೆಕ್ಟ್‌ಗಳು ಸಿಮ್ಯುಲಾ 67ರಲ್ಲಿ ಬಂದವು. (ಸ್ಟ್ಯಾಟಿಕ್ ಮೆಥಡ್ ಮುಂದೆ ಸಿ ಪ್ಲಸ್ ಪ್ಲಸ್, ಜಾವಾಗಳಲ್ಲಿ ಕಂಡದ್ದು.) ಆಸ್ಲೋ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಅವರಿಗೆ 2001ರ ಟ್ಯೂರಿಂಗ್ ಪ್ರಶಸ್ತಿ ನ್ಯೂಗಾರ್ಡ್ ಜೊತೆ ಸಂದಿತು, 2002ರಲ್ಲಿ ಇಬ್ಬರೂ ತೀರಿಕೊಂಡರು.

ಜೇವರ್ಗಿಯಲ್ಲಿ ನಾನೂ ನಿಜ ಸಂಗತಿಯಿಂದಲೇ ಶುರುಮಾಡಿದೆ. ಅಂಕ ಆಯಾ ವಿದ್ಯಾರ್ಥಿಯದು. ಪಾಸಿಗೆ ಇಷ್ಟು ಅಂಕ ಬೇಕೆಂಬ ನಿಯಮ ಎಲ್ಲರದು. ವಿದ್ಯಾರ್ಥಿಯ ಫಲಿತಾಂಶ ಮೆಥಡ್ ಆ ಸ್ಟ್ಯಾಟಿಕ್ ನಿಯಮವನ್ನು ನೇರವಾಗಿ ಕರೆಯಬಹುದು. ನಿಯಮವೇ ಫಲಿತಾಂಶವನ್ನು ಕರೆದರೆ? ಯಾರ ಫಲಿತಾಂಶವೆಂದು ಕೊನೆಯ ಬೆಂಚಿನ ಹುಡುಗಿ ನನ್ನನ್ನೇ ಕೇಳಿದಳು.