ಬಟ್ಟೆ ವ್ಯಾಪಾರಿ ಕಂಡ ಹನಿಯೊಳಗಿನ ಲೋಕ

ಆಂಟನಿ ವಾನ್ ಲ್ಯೂವೆನ್‌ಹುಕ್ ಬಳಿ ಯಾವ ಡಿಗ್ರಿಯೂ ಇರಲಿಲ್ಲ. ವಿದ್ವಾಂಸರ ಭಾಷೆಯಾಗಿದ್ದ ಲ್ಯಾಟಿನ್ ಕೂಡ ಬರುತ್ತಿರಲಿಲ್ಲ. 1632ರಲ್ಲಿ ಹಾಲೆಂಡಿನ ಡೆಲ್ಫ್ಟ್‌ನಲ್ಲಿ ಬುಟ್ಟಿ ಹೆಣೆಯುವವನ ಮಗನಾಗಿ ಹುಟ್ಟಿದ. ಬಟ್ಟೆ ಅಂಗಡಿ ಇಟ್ಟ, ಜತೆಗೆ ನಗರಸಭೆಯ ಕೊಠಡಿ ನೋಡಿಕೊಳ್ಳುವ ನೌಕರಿ. ಇಂದಿನ ಕ್ಯಾಂಪಸ್ ಸೆಲೆಕ್ಷನ್ ಆಗಿದ್ದರೆ ಮೊದಲ ಸುತ್ತಿನಲ್ಲೇ ಹೊರಗೆ!

ನೂಲಿನ ಗುಣಮಟ್ಟ ನೋಡಲು ಆಗಿನ ವ್ಯಾಪಾರಿಗಳು ಭೂತಗನ್ನಡಿ ಬಳಸುತ್ತಿದ್ದರು. ಈತ ತಾನೇ ಪುಟ್ಟ ಪುಟ್ಟ ಮಸೂರಗಳನ್ನು ಮಾಡಿ, ಅಂಗೈಯಲ್ಲಿ ಹಿಡಿಯುವ ಲೋಹದ ತಗಡಿಗೆ ಕೂರಿಸಿದ. ಉಳಿದಿರುವ ಕೆಲವೇ ಸೂಕ್ಷ್ಮದರ್ಶಕಗಳಲ್ಲಿ ಒಂದು ವಸ್ತುವನ್ನು ಸುಮಾರು 270 ಪಟ್ಟು ಹಿಗ್ಗಿಸುತ್ತದೆ.

1674ರಲ್ಲಿ ಊರ ಸಮೀಪದ ಕೆರೆಯೊಂದರ ನೀರು ಬೇಸಿಗೆಯಲ್ಲಿ ಹಸಿರು ಬಣ್ಣಕ್ಕೆ ತಿರುಗಿತ್ತು. ಇಬ್ಬನಿ ಬಿದ್ದು ಹೀಗಾಗುತ್ತದೆ ಎಂದು ಹಳ್ಳಿಗರು ನಂಬಿದ್ದರು. ಲ್ಯೂವೆನ್‌ಹುಕ್ ಒಂದು ಶೀಶೆ ನೀರು ತಂದು ಮರುದಿನ ಪರೀಕ್ಷಿಸಿದ. ಅದರಲ್ಲಿ ಜೀವಿಗಳು ಓಡಾಡುತ್ತಿದ್ದವು. ಎರಡು ವರ್ಷದ ನಂತರ, ಕಾಳುಮೆಣಸು ಏಕೆ ಖಾರ ಎಂದು ತಿಳಿಯಲು ಅದನ್ನು ನೀರಲ್ಲಿ ನೆನೆಹಾಕಿದ. ಖಾರದ ಗುಟ್ಟು ಸಿಗಲಿಲ್ಲ, ಇನ್ನೂ ಚಿಕ್ಕ ಜೀವಿಗಳು ಸಿಕ್ಕವು. ಅವುಗಳ ಗಾತ್ರವನ್ನು ಮರಳಿನ ಕಣಕ್ಕೆ ಹೋಲಿಸಿ, ಒಂದು ಹನಿಯಲ್ಲಿ ಎಷ್ಟಿರಬಹುದೆಂದು ಲೆಕ್ಕ ಹಾಕಿ, ಲಂಡನ್ನಿನ ರಾಯಲ್ ಸೊಸೈಟಿಗೆ ಡಚ್ ಭಾಷೆಯಲ್ಲೇ ಪತ್ರ ಬರೆದ.

ಅಲ್ಲಿನವರು ಸುಲಭಕ್ಕೆ ನಂಬಲಿಲ್ಲ. ಲ್ಯೂವೆನ್‌ಹುಕ್ ಬೇಸರಿಸಿಕೊಂಡು ಕೂರದೆ, ಕಣ್ಣಾರೆ ಕಂಡ ಊರಿನ ಗಣ್ಯರಿಂದ ಸಾಕ್ಷಿಪತ್ರ ಬರೆಸಿ ಕಳಿಸಿದ. ಕೊನೆಗೆ 1677ರ ನವೆಂಬರ್‌ನಲ್ಲಿ ರಾಬರ್ಟ್ ಹುಕ್ ಅದೇ ಪ್ರಯೋಗ ಮಾಡಿ ತೋರಿಸಿದ ಮೇಲೆ ಒಪ್ಪಿದರು. 1680ರಲ್ಲಿ ಸೊಸೈಟಿ ಈ ವ್ಯಾಪಾರಿಯನ್ನು ಸದಸ್ಯನನ್ನಾಗಿ ಮಾಡಿಕೊಂಡಿತು. ಒಂದು ವಿಷಯ ಮಾತ್ರ ನನಗೆ ಸರಿ ಕಾಣುವುದಿಲ್ಲ: ತನ್ನ ಅತ್ಯುತ್ತಮ ಮಸೂರ ಮಾಡುವ ಬಗೆಯನ್ನು ಆತ ಯಾರಿಗೂ ಹೇಳಿಕೊಡಲಿಲ್ಲ. ಹೇಳಿದ್ದರೆ ಈ ವಿದ್ಯೆ ಬೇಗ ಮುಂದುವರಿಯುತ್ತಿತ್ತೇನೋ.

1681ರಲ್ಲಿ ಹೊಟ್ಟೆ ಕೆಟ್ಟು ಭೇದಿಯಾದಾಗ ಆತ ಮಾಡಿದ್ದು ವಿಚಿತ್ರ. ತನ್ನ ಮಲವನ್ನೇ ಮಸೂರದಡಿ ಇಟ್ಟ. ಚಪ್ಪಟೆ ಹೊಟ್ಟೆಯ, ಪುಟ್ಟ ಕಾಲುಗಳಂಥವನ್ನು ಬಡಿಯುತ್ತಾ ಚಲಿಸುವ ಜೀವಿ ಕಂಡಿತು. ಆ ವಿವರಣೆ ಓದಿದ ವಿಜ್ಞಾನಿಗಳು ಅದನ್ನು ಜಿಯಾರ್ಡಿಯಾ ಎಂದು ಗುರುತಿಸುತ್ತಾರೆ. ಕಲುಷಿತ ನೀರಿನಿಂದ ಹರಡಿ ಭೇದಿ ತರುವ ಪರಾವಲಂಬಿ ಅದು. ಕೆರೆಯ ಜೀವಿಗಳನ್ನೂ ಹೊಟ್ಟೆಯ ಜೀವಿಯನ್ನೂ ಕಂಡ ಮನುಷ್ಯನಿಗೆ, ನೀರಿನಿಂದ ರೋಗ ಬರುತ್ತದೆಂಬ ನಂಟು ಹೊಳೆಯಲಿಲ್ಲ. ಅದು ಸಾಬೀತಾಗಲು 19ನೇ ಶತಮಾನ ಬರಬೇಕಾಯಿತು.

ಇಂದು ಜಿಯಾರ್ಡಿಯಾ ಹುಡುಕಲು ಹತ್ತಾರು ಲೀಟರ್ ನೀರನ್ನು ಫಿಲ್ಟರ್‌ನಲ್ಲಿ ಹಾಯಿಸಿ, ಪರಾವಲಂಬಿಗೆ ಅಂಟುವ ಕಾಂತೀಯ ಮಣಿಗಳಿಂದ ಬೇರ್ಪಡಿಸಿ, ಹೊಳೆಯುವ ಬಣ್ಣ ಹಚ್ಚುತ್ತಾರೆ. ಆಮೇಲೆ ಒಬ್ಬರು ಸೂಕ್ಷ್ಮದರ್ಶಕದ ಮುಂದೆ ಕೂತು ಒಂದೊಂದಾಗಿ ಎಣಿಸಬೇಕು. ಎಂಟರಿಂದ ಹನ್ನೆರಡು ಮೈಕ್ರಾನ್ ಉದ್ದದ ಕೋಶಗಳವು.

ಲ್ಯೂವೆನ್‌ಹುಕ್ 1723ರಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡ. ಕೊನೆಯ ದಿನಗಳಲ್ಲೂ ಲಂಡನ್ನಿಗೆ ಪತ್ರ ಹೋಗುವುದು ನಿಂತಿರಲಿಲ್ಲ. ಎದೆಯ ಕೆಳಗಿನ ಸ್ನಾಯು ಅದುರುತ್ತಿದ್ದ ತನ್ನದೇ ಕಾಯಿಲೆಯನ್ನು ಗಮನಿಸಿ, ಅದರ ವಿವರವನ್ನೂ ಬರೆದು ತಿಳಿಸಿದ್ದ.